ಕಡೆಯ ಸಾಲು

ನಾವು ಮುಂಬಯಿಯ ಒಂದು ಸರಕಾರಿ ಕಛೇರಿಯಲ್ಲಿ ಗುಮಾಸ್ತರು. ಓದಿದ್ದು ಬಿ.ಎ.; ಮಾಡುವುದು ನಿವೃತ್ತಿವೇತನದ ಪಟ್ಟಿ. ಹಿಂದಿನವರಿಗೆ ಕಡತವೂ ಕೆಂಪು ದಾರವೂ ಇದ್ದವು. ನಮ್ಮ ಪಾಲಿಗೆ ಬಂದದ್ದು ಗಣಕಯಂತ್ರ. ಅದರೊಡನೆ ಮಾತನಾಡಲು ಎಸ್‌ಕ್ಯೂಎಲ್ ಎಂಬ ಭಾಷೆ ಬೇಕು. ಭಾಷೆಯೇನೋ ಸರಳ; ಆದರೆ ನಮ್ಮ ಅಭಿಪ್ರಾಯವನ್ನು ಬಿಟ್ಟು ಅಕ್ಷರವನ್ನಷ್ಟೇ ಹಿಡಿಯುವ ಜಾತಿಯದು.

ಮನೆಯಲ್ಲಿ ಲಗ್ನಪತ್ರಿಕೆಗಳ ಮೇಲೆ ವಿಳಾಸ ಬರೆಯುವಾಗ, “ಸೋದರತ್ತೆಯವರ ಮನೆ ಎಲ್ಲಿ?” ಎಂದರೆ ಸಾಕು, ನಮ್ಮಾಕೆ ದಾದರು, ಡೊಂಬಿವಲಿಗಳನ್ನು ದಾಟಿ ಈಗಿನ ಪುಣೆಯ ಮನೆಯನ್ನೇ ಹೇಳುತ್ತಾಳೆ. ಯಂತ್ರಕ್ಕೆ ಈ ‘ಈಗ’ ಎಂಬುದು ತಿಳಿಯದು. 1970ರಲ್ಲಿ ಇ. ಎಫ್. ಕಾಡ್ ಅವರು ಇಂಥ ಕೋಷ್ಟಕಗಳ ತತ್ತ್ವವನ್ನು ಬರೆದಾಗಲೇ ಸಾಲುಗಳಿಗೆ ಹಿಂದು-ಮುಂದು ಎಂಬುದಿಲ್ಲವೆಂದುಬಿಟ್ಟರು. ಕಡೆಗೆ ಬರೆದ ಸಾಲು ಕಡೆಯಲ್ಲೇ ಸಿಕ್ಕೀತೆಂಬ ಭರವಸೆಯಿಲ್ಲ.

ಒಬ್ಬ ನಿವೃತ್ತರಿಗೆ ನಾಲ್ಕು ವಿಳಾಸಗಳಿವೆಯೆನ್ನಿ. ಎಲ್ಲಕ್ಕಿಂತ ಈಚಿನ ತಾರೀಖು ಕೊಡು ಎಂದರೆ ತಾರೀಖನ್ನು ಕೊಡುತ್ತದೆ, ಮನೆಯನ್ನಲ್ಲ. ಆ ತಾರೀಖನ್ನು ಹಿಡಿದು ಮತ್ತೆ ಕೋಷ್ಟಕಕ್ಕೆ ಹೋಗಿ ಸಾಲನ್ನು ತರಬೇಕು. ಒಂದೇ ದಿನ ಎರಡು ಅರ್ಜಿ ಬಂದಿದ್ದರೆ ಎರಡು ಸಾಲು. ಒಬ್ಬರಿಗೇ ಎರಡು ಕಾಗದ! 2003ರ ಎಸ್‌ಕ್ಯೂಎಲ್ ಪ್ರಮಾಣದಲ್ಲಿ ಸೇರಿದ ‘ರೋ ನಂಬರ್’ ಇದಕ್ಕೆ ಮದ್ದು. ಒಬ್ಬೊಬ್ಬರ ಸಾಲುಗಳನ್ನು ಬೇರೆ ಮಾಡಿ, ಹೊಸದನ್ನು ಮೊದಲಿಟ್ಟು, ತಾರೀಖು ಸಮವಾದರೆ ನೋಂದಣಿ ಸಂಖ್ಯೆ ನೋಡಿ, ಒಂದನೆಯದನ್ನು ಮಾತ್ರ ಆರಿಸುವುದು. ಕೋಷ್ಟಕದಲ್ಲಿ ಒಂದು ಸಾಲೂ ಇಲ್ಲದವರನ್ನು ಉಳಿಸಿಕೊಳ್ಳಲು ‘ಲೆಫ್ಟ್ ಜಾಯಿನ್’ ಬೇಕು. ಇಲ್ಲದಿದ್ದರೆ ಅವರ ಹೆಸರೇ ಪಟ್ಟಿಯಿಂದ ಸದ್ದಿಲ್ಲದೆ ಜಾರಿಹೋಗುತ್ತದೆ.

ಇಷ್ಟಕ್ಕೇಕೆ ಇಷ್ಟು ರಗಳೆ ಎನ್ನುವಿರಾ? ನಮ್ಮ ಚಾಳಿನ ಅಜ್ಜಿಯೊಬ್ಬರಿಗೆ ಬೇರೊಂದು ಕಛೇರಿಯಿಂದ ಬರಬೇಕಾದ ನೆನಪಿನ ಕಾಗದ ಅವರು ಎಂದೋ ಬಿಟ್ಟ ಮನೆಗೆ ಹೋಯಿತು. ನವೆಂಬರಿನ ಜೀವಿತ ಪ್ರಮಾಣಪತ್ರ ತಪ್ಪಿತು, ವೇತನ ನಿಂತಿತು. “ನಾನು ಬದುಕಿದ್ದೇನೆಂದು ನಿಮ್ಮ ಯಂತ್ರಕ್ಕೆ ಯಾರು ಹೇಳಬೇಕಪ್ಪಾ?” ಎಂದರು. ಹಣವೇನೋ ಮುಂದೆ ಬಾಕಿಸಹಿತ ಬಂದಿತು. ಆದರೆ ಒಂದು ಸಾಲು ತಪ್ಪಿದ್ದಕ್ಕೆ ಅಜ್ಜಿ ಔಷಧಿಯಂಗಡಿಯಲ್ಲಿ ಮೂರು ತಿಂಗಳು ಸಾಲ ಹೇಳಬೇಕಾಯಿತು.

ಅಂದಿನಿಂದ ಪಟ್ಟಿ ಹೊರಡುವ ಮುನ್ನ ಮೂರು ಬಗೆಯವರನ್ನು ಕೈಯಿಂದಲೇ ತಾಳೆ ನೋಡುತ್ತೇವೆ: ಪದೇ ಪದೇ ಮನೆ ಬದಲಿಸಿದವರು, ಒಂದೇ ದಿನ ಎರಡು ಅರ್ಜಿ ಕೊಟ್ಟವರು, ಎಂದೂ ಬದಲಿಸದವರು. ಈಚಿನದೆಂದರೆ ಅವರು ಮನೆ ಬದಲಿಸಿದ ದಿನವೋ, ನಾವು ಬರೆದುಕೊಂಡ ದಿನವೋ? ಯಂತ್ರ ಎರಡನ್ನೂ ಒಂದೇ ಶ್ರದ್ಧೆಯಿಂದ ಹುಡುಕಿಕೊಡುತ್ತದೆ. ಯಾವುದನ್ನು ಹುಡುಕಬೇಕೆಂದು ನಿಶ್ಚಯಿಸುವುದು ಮಾತ್ರ ಇನ್ನೂ ಗುಮಾಸ್ತನ ಕೆಲಸವೇ.