ಹುಲ್ಲಿನ ಮೇಲೆ ಇಳಿಯುವ ಬಾಲುಸ್

ವಿಮಾನ ಹತ್ತುವ ಮೊದಲು ಚೀಲ ತೂಗುವುದನ್ನು ನೀವೆಲ್ಲ ನೋಡಿರಬಹುದು. ಪಪುವಾ ನ್ಯೂಗಿನಿಯಲ್ಲಿ ನನ್ನನ್ನೇ ತಕ್ಕಡಿಯ ಮೇಲೆ ನಿಲ್ಲಿಸಿದರು. 63 ಕಿಲೋ ಎಂದು ಪೈಲಟ್ ಬರೆದುಕೊಂಡ. ಕೈಚೀಲ 7 ಕಿಲೋ. ಅದರಲ್ಲಿ ಸೊಸೆ ಕಟ್ಟಿಕೊಟ್ಟ ಚಕ್ಕುಲಿಯೂ ಇತ್ತು.

ನನ್ನ ಮಗ ಅಲ್ಲಿನ ಗೊರೋಕಾ ಎಂಬ ಊರಿನಲ್ಲಿ ಮೇಷ್ಟ್ರು. ಸುತ್ತ ಬೆಟ್ಟ, ಬೆಟ್ಟದ ತುಂಬ ಕಾಫಿ. ಕೊಪ್ಪದ ಕಡೆಯ ನನಗೆ ಪರದೇಶ ಅನ್ನಿಸಲೇ ಇಲ್ಲ. ಅವನು ಒಂದು ಹಳ್ಳಿಯ ಶಾಲೆಗೆ ಎರಡು ದಿನದ ಕೆಲಸಕ್ಕೆ ಹೊರಟಾಗ ನಾನೂ ಬರುತ್ತೇನೆಂದೆ. "ಅಪ್ಪಯ್ಯ, ಅಲ್ಲಿಗೆ ರಸ್ತೆ ಇಲ್ಲ" ಎಂದ. ರಸ್ತೆ ಸರಿಯಿಲ್ಲ ಎಂದು ನಾನು ತಿಳಿದುಕೊಂಡೆ. ರಸ್ತೆಯೇ ಇಲ್ಲವಂತೆ! ದೇಶದ ರಾಜಧಾನಿ ಪೋರ್ಟ್ ಮೊರೆಸ್ಬಿಯಿಂದ ಗೊರೋಕಾಕ್ಕೂ ಇಲ್ಲ. ಬೆಟ್ಟಗಳು ಜನರನ್ನು ಎಷ್ಟು ಬೇರೆಬೇರೆ ಇಟ್ಟಿವೆಯೆಂದರೆ ಆ ಒಂದು ದೇಶದಲ್ಲೇ 800ಕ್ಕೂ ಹೆಚ್ಚು ಭಾಷೆಗಳಿವೆ. ಹೆಚ್ಚಿನವರಿಗೆ ಅರ್ಥವಾಗುವ ಟೋಕ್ ಪಿಸಿನ್ ಎಂಬ ಭಾಷೆಯಲ್ಲಿ ವಿಮಾನಕ್ಕೆ ಬಾಲುಸ್ ಅನ್ನುತ್ತಾರೆ. ಪಾರಿವಾಳಕ್ಕೂ ಅದೇ ಮಾತು.

ನಮ್ಮ ಬಾಲುಸ್‌ನಲ್ಲಿ ಪೈಲಟ್ ಸೇರಿ ಆರೇ ಸೀಟು. ಅರ್ಧ ಗಂಟೆ ಹಾರಿದ ಮೇಲೆ ಕೆಳಗೆ ಒಂದು ಹಸಿರು ಪಟ್ಟಿ ಕಂಡಿತು, ಬೆಟ್ಟದ ಇಳಿಜಾರಿಗೆ ಯಾರೋ ಚಾಪೆ ಒಣಹಾಕಿದ ಹಾಗೆ. ಅದೇ ನಿಲ್ದಾಣ! ಕೆಳತುದಿಯಲ್ಲಿ ಚಕ್ರ ಮುಟ್ಟಿತು. ಆಮೇಲೆ ವಿಮಾನ ಆಗುಂಬೆ ಘಾಟಿಯ ಬಸ್ಸಿನಂತೆ ಗುರುಗುಟ್ಟುತ್ತಾ ಮೇಲೇರಿ ನಿಂತಿತು. ಅಲ್ಲಿನ ಕೆಲವು ಪಟ್ಟಿಗಳು 100 ಮೀಟರಿಗೆ 10 ಮೀಟರಿಗಿಂತ ಹೆಚ್ಚು ಏರುತ್ತವೆ. ಇಳಿಯುವಾಗ ಏರು ವೇಗ ತಗ್ಗಿಸುತ್ತದೆ, ಹೊರಡುವಾಗ ಇಳಿಜಾರು ವೇಗ ಕೊಡುತ್ತದೆ. ಪಟ್ಟಿಯ ಹಿಂದೆ ಗೋಡೆಯಂತೆ ಬೆಟ್ಟ ನಿಂತಿರುವುದರಿಂದ, ಒಮ್ಮೆ ಇಳಿಯತೊಡಗಿದ ಮೇಲೆ ಮನಸ್ಸು ಬದಲಾಯಿಸಲು ಆಗುವುದಿಲ್ಲ. ಇದನ್ನು ಮಗ ನನಗೆ ಇಳಿದ ಮೇಲೆ ಹೇಳಿದ. ಒಳ್ಳೆಯದೇ ಆಯಿತು.

ಆ ಹುಲ್ಲನ್ನು ಊರವರೇ ಉದ್ದನೆಯ ಕತ್ತಿಯಿಂದ ಸವರುತ್ತಾರೆ. ವಿಮಾನದ ಸದ್ದು ಕೇಳಿದೊಡನೆ ಪಟ್ಟಿಯ ಮೇಲಿನ ಹಂದಿಗಳನ್ನು ಓಡಿಸುವುದು ಮಕ್ಕಳ ಕೆಲಸ. ಶಾಲೆಯ ಪಾಠ ನಡೆಯುತ್ತಿದ್ದರೂ ಮೊದಲು ಹಂದಿ! 1933ರಲ್ಲಿ ಮೌಂಟ್ ಹೇಗನ್ ಎಂಬಲ್ಲಿ ಚಿನ್ನ ಹುಡುಕಲು ಬಂದವರು ವಿಮಾನ ಇಳಿಸಲು ಜಾಗ ಮಾಡಿದಾಗ, ಊರವರನ್ನು ಸಾಲಾಗಿ ನಿಲ್ಲಿಸಿ ಕುಣಿಸಿ ನೆಲ ಗಟ್ಟಿ ಮಾಡಿಸಿದರಂತೆ.

ನಾವು ಉಳಿದುಕೊಂಡಿದ್ದ ಮನೆಯ ಮುದುಕ ನನ್ನನ್ನು "ಬುಬು" ಎಂದು ಕರೆದ. ಅಜ್ಜ ಎಂದರ್ಥ. ಆಮೇಲೆ ತನ್ನ ಮೊಮ್ಮಗಳನ್ನೂ "ಬುಬು" ಎಂದ! ಅಜ್ಜ-ಅಜ್ಜಿ ಮೊಮ್ಮಕ್ಕಳನ್ನೂ, ಮೊಮ್ಮಕ್ಕಳು ಅಜ್ಜ-ಅಜ್ಜಿಯನ್ನೂ ಕರೆಯುವ ಮಾತು ಅಲ್ಲಿ ಒಂದೇ. ಚಕ್ಕುಲಿ ಖಾಲಿ ಮಾಡಿದವಳು ಆ ಪುಟ್ಟ ಬುಬುವೇ. ಮುದುಕನ ಬಳಿ ಮೂರು ಚೀಲ ಪಾರ್ಚ್‌ಮೆಂಟ್ ಕಾಫಿ ಇತ್ತು, ಒಂದೊಂದೂ ಸುಮಾರು 50 ಕಿಲೋ. ಕೈ ಹಾಕಿ ನೋಡಿದೆ, ಚೆನ್ನಾಗಿ ಒಣಗಿತ್ತು. ಎರಡು ಸಲ ವಿಮಾನದಲ್ಲಿ ಜಾಗ ಸಿಗದೆ ಅದು ಹಾಗೇ ಕೂತಿತ್ತು. ಹೆಚ್ಚು ದಿನ ಇಟ್ಟರೆ ಆ ಹವೆಯಲ್ಲಿ ಬೂಸಲು ಹಿಡಿಯುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೂರನೆಯ ಬೆಳಿಗ್ಗೆ ವಿಮಾನ ಬಂತು. ಮಧ್ಯಾಹ್ನಕ್ಕೆ ಮೋಡ ಕವಿಯುವುದರಿಂದ ಅಲ್ಲಿ ಹಾರಾಟವೆಲ್ಲ ಬೆಳಿಗ್ಗೆಯೇ. ಮುದುಕನ ಚೀಲಗಳು ಒಳಗೆ ಹೋದವು, ನಮ್ಮ ತೂಕವೂ ಆಯಿತು. ಆಗ ಗುಡ್ಡದ ಆಚೆಯಿಂದ ಆರು ಜನ ಗಳುವಿಗೆ ಕಂಬಳಿ ಕಟ್ಟಿ ಒಬ್ಬ ಬಸುರಿಯನ್ನು ಹೊತ್ತು ತಂದರು. ರಾತ್ರಿಯಿಡೀ ನಡೆದಿದ್ದರು. ನೋವು ಶುರುವಾಗಿ ಎರಡು ದಿನವಾಗಿತ್ತು. ಜೊತೆಯಲ್ಲಿ ಅವಳ ತಾಯಿ.

ಪೈಲಟ್ ಹುಲ್ಲಿನ ಮೇಲೆ ನಡೆದು ನೋಡಿದ. ಹಿಂದಿನ ರಾತ್ರಿ ಮಳೆಯಾಗಿತ್ತು. ಒದ್ದೆ ಹುಲ್ಲು ಚಕ್ರವನ್ನು ಹಿಡಿಯುತ್ತದೆ, ಭಾರ ಕಡಿಮೆ ಇರಬೇಕು. ಕಾಗದದ ಮೇಲೆ ಲೆಕ್ಕ ಹಾಕಿ ಮೊದಲು ಕಾಫಿ ಚೀಲ ಇಳಿಸಿದ. ಮುದುಕ ಒಂದು ಮಾತೂ ಆಡದೆ ಕೈಕೊಟ್ಟು ಇಳಿಸಿಕೊಂಡ. ಅವಳನ್ನು ಮಲಗಿಸಲು ಸೀಟುಗಳನ್ನೂ ಬಿಚ್ಚಿದರು. ಇನ್ನು ತಾಯಿಯ ಜೊತೆ ಒಬ್ಬರಿಗೆ ಮಾತ್ರ ಜಾಗ ಎಂದ ಪೈಲಟ್.

"ನೀವು ಹೋಗಿ ಅಪ್ಪಯ್ಯ, ನಿಮ್ಮ ಬಿಪಿ ಮಾತ್ರೆ ನಾಳೆಗೆ ಮಾತ್ರ ಇದೆ" ಎಂದ ಮಗ. ಹತ್ತಲು ಹೋದೆ, ಸುಳ್ಳು ಯಾಕೆ ಹೇಳಲಿ. ಒಂದು ಕಾಲು ಮೆಟ್ಟಿಲ ಮೇಲಿಟ್ಟೆ. ಹೊತ್ತು ತಂದವರ ಜೊತೆಗೆ ಒಬ್ಬ ಹುಡುಗ ನಿಂತಿದ್ದ, ಅವಳ ಗಂಡ. ಇಪ್ಪತ್ತೂ ಆಗಿರಲಿಕ್ಕಿಲ್ಲ. ಅವನು ಏನೂ ಕೇಳಲಿಲ್ಲ, ಬಾಗಿಲನ್ನೇ ನೋಡುತ್ತಿದ್ದ. ನಾನು ಕಾಲು ಇಳಿಸಿದೆ. ಮಗ ಸಿಟ್ಟಾದ, ಆ ದಿನವಿಡೀ ಸರಿಯಾಗಿ ಮಾತಾಡಲಿಲ್ಲ. ಅವನ ಸಿಟ್ಟೂ ತಪ್ಪಲ್ಲ ಬಿಡಿ.

ಮರುದಿನ ಪೂರ್ತಿ ಮಂಜು. ಅದರ ಮರುದಿನ ಸದ್ದು ಮಾತ್ರ ಕೇಳಿಸಿತು, ಮೋಡದ ಮೇಲೆಯೇ ಸುತ್ತಿ ವಾಪಸು ಹೋಯಿತು. ಮಾತ್ರೆ ಮುಗಿದಿತ್ತು. ನನಗೆ ತಲೆ ಭಾರ. ನಿಜಕ್ಕೂ ಭಾರವೋ ಹೆದರಿಕೆಯೋ ಈಗಲೂ ಗೊತ್ತಿಲ್ಲ. ಮುದುಕ ಸುಟ್ಟ ಗೆಣಸು ತಂದುಕೊಟ್ಟು ಪಕ್ಕದಲ್ಲೇ ಕೂರುತ್ತಿದ್ದ.

ನಾಲ್ಕನೆಯ ದಿನ ಬಿಸಿಲು ಬಿತ್ತು, ಹಂದಿಗಳು ಓಡಿದವು, ವಿಮಾನ ಇಳಿಯಿತು. ಬಾಗಿಲು ತೆಗೆಯುವ ಮೊದಲೇ ಊರೆಲ್ಲ ಸುತ್ತುವರಿದು ಕೇಳಿತು. ಪೈಲಟ್ ಎರಡು ಬೆರಳು ಎತ್ತಿದ: ತಾಯಿ, ಮಗು ಇಬ್ಬರೂ ಇದ್ದಾರೆ. ಹೆಣ್ಣು ಮಗು.

ತಕ್ಕಡಿ ನನ್ನನ್ನು 61 ಎಂದಿತು. ಮುದುಕನ ಎರಡು ಚೀಲ ಹತ್ತಿದವು. ಮೂರನೆಯದಕ್ಕೆ ಜಾಗವಾಗಲಿಲ್ಲ. ವಿಮಾನ ಇಳಿಜಾರಿನಲ್ಲಿ ಓಡತೊಡಗಿದಾಗ ಅವನು ಅದನ್ನು ಬೆನ್ನಿಗೇರಿಸಿಕೊಂಡು ಮನೆಯ ದಾರಿ ಹಿಡಿದಿದ್ದ. ಹಿಂದೆ ಹಿಂದೆ ಪುಟ್ಟ ಬುಬು, ಖಾಲಿ ಚಕ್ಕುಲಿ ಡಬ್ಬಿ ಹಿಡಿದು.