ಪ್ರಶ್ನೆಗೆ ಉಳಿಸಿದ ಐದು ನಿಮಿಷ

‘ಏಜೆಂಟ್’ ಎಂದೊಡನೆ ಹುಬ್ಬಳ್ಳಿ–ಧಾರವಾಡದ ಮನೆಗಳಲ್ಲಿ ನೆನಪಾಗುವವರು ವಿಮೆ ಮಾಡಿಸುವವರು. ಹೀಗಿರುವಾಗ ಎಂಜಿನಿಯರಿಂಗ್ ಓದುವ ಮಗಳು, ‘ಏಜೆಂಟ್ ಆಧಾರಿತ ಮಾದರಿಗಳ ವಿಶೇಷ ಗೋಷ್ಠಿಯಲ್ಲಿ ಪ್ರಬಂಧ ಓದಬೇಕು, ಶುಲ್ಕ ಕೊಡಿ’ ಎಂದರೆ ತಂದೆ ಹುಬ್ಬೇರಿಸುವುದು ಸಹಜವೇ.

ಇಲ್ಲಿನ ಏಜೆಂಟ್ ಕಂಪ್ಯೂಟರಿನೊಳಗಿನ ಒಬ್ಬ ಪುಟ್ಟ ಪಾತ್ರಧಾರಿ. ಅವನು ಪ್ರಯಾಣಿಕನಾಗಬಹುದು, ರೈತನಾಗಬಹುದು, ಇರುವೆಯೂ ಆಗಬಹುದು. ಒಬ್ಬೊಬ್ಬನಿಗೂ ಒಂದೆರಡು ಸರಳ ನಿಯಮ ಕೊಟ್ಟು ಸಾವಿರಾರು ಮಂದಿಯನ್ನು ಒಟ್ಟಿಗೆ ಬಿಟ್ಟರೆ, ಇಡೀ ಗುಂಪು ಹೇಗೆ ನಡೆದುಕೊಳ್ಳುತ್ತದೆಂಬುದು ಪರದೆಯ ಮೇಲೆ ಮೂಡುತ್ತದೆ.

ಇದಕ್ಕೆ ಕಂಪ್ಯೂಟರ್ ಕೂಡ ಬೇಕೇಬೇಕೆಂದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಚೌಕಮನೆಗಳ ಮೇಲೆ ಎರಡು ಬಗೆಯ ನಾಣ್ಯಗಳನ್ನಿಟ್ಟು ಆಡಿ ನೋಡಿದರು. 1971ರಲ್ಲಿ ಆ ಕುರಿತ ಪ್ರಬಂಧ ಪ್ರಕಟಿಸಿದರು. ನೆರೆಯವರಲ್ಲಿ ಮೂರನೆಯ ಒಂದು ಪಾಲಾದರೂ ತನ್ನಂಥವರಿರಲಿ, ಇಲ್ಲದಿದ್ದರೆ ಬೇರೆ ಮನೆಗೆ ಹೋಗುವೆ ಎಂಬುದಷ್ಟೇ ನಾಣ್ಯದ ಆಸೆ. ಆಟ ಮುಗಿಯುವ ಹೊತ್ತಿಗೆ ಊರೇ ಎರಡು ಕೇರಿಗಳಾಗಿ ಒಡೆದಿರುತ್ತಿತ್ತು. ಒಡೆಯಬೇಕೆಂದು ಯಾರೂ ಬಯಸಿರಲಿಲ್ಲ! ಶೆಲ್ಲಿಂಗ್‌ಗೆ 2005ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಇಂಥ ವಿಷಯಕ್ಕೆ ದೊಡ್ಡ ಸಮ್ಮೇಳನದೊಳಗೊಂದು ವಿಶೇಷ ಗೋಷ್ಠಿ ಏರ್ಪಡಿಸುವುದು ಮದುವೆ ಮಾಡಿದಷ್ಟೇ ಕೆಲಸ. ತಿಂಗಳುಗಟ್ಟಲೆ ಮೊದಲೇ ಪ್ರಬಂಧಗಳಿಗೆ ಆಹ್ವಾನ ಕಳಿಸಬೇಕು. ಬಂದ ಒಂದೊಂದನ್ನೂ ಇಬ್ಬರು ಮೂವರು ಬಲ್ಲವರಿಂದ ಓದಿಸಬೇಕು. ಸತ್ವವಿಲ್ಲದ್ದನ್ನು ನೋವಾಗದಂತೆ, ಕಾರಣ ಬರೆದು ಹಿಂದಿರುಗಿಸಬೇಕು. 2006ರಲ್ಲಿ ಫೋಲ್ಕರ್ ಗ್ರಿಮ್ ಮತ್ತು ಸಂಗಡಿಗರು, ಮಾದರಿಯನ್ನು ಬೇರೆಯವರೂ ಮತ್ತೆ ಕಟ್ಟಿ ನೋಡುವಂತೆ ವಿವರಿಸಲು ಒಂದು ಕ್ರಮ ಹಾಕಿಕೊಟ್ಟರು. ಒಳ್ಳೆಯ ಸಂಘಟಕರು ಅಂಥ ವಿವರ ಕೇಳಿಯೇ ಕೇಳುತ್ತಾರೆ.

ಇಷ್ಟೆಲ್ಲ ಮಾಡಿದರೂ ಗೋಷ್ಠಿಯ ಬೆಲೆ ಗೊತ್ತಾಗುವುದು ಕೊನೆಯ ಐದು ನಿಮಿಷದಲ್ಲಿ, ಪ್ರಶ್ನೆಯ ಹೊತ್ತಿನಲ್ಲಿ.

ಅವಳಿ ನಗರಗಳ ನಡುವೆ 2018ರಲ್ಲಿ ಓಡಾಟ ಆರಂಭಿಸಿದ ಚಿಗರಿ ಬಸ್ಸುಗಳ ಬಗ್ಗೆ ಒಬ್ಬ ವಿದ್ಯಾರ್ಥಿ ಮಾದರಿ ಕಟ್ಟಿದ್ದಾನೆಂದುಕೊಳ್ಳಿ. ಅವನ ಪ್ರಯಾಣಿಕರೆಲ್ಲರಿಗೂ ಒಂದೇ ನಿಯಮ: ಮೊದಲು ಬಂದ ಬಸ್ಸು ಹತ್ತು. ಬಣ್ಣದ ನಕ್ಷೆಗಳು ಚೆಂದ, ಲೆಕ್ಕ ಸರಿ. ಆಗ ಹಿಂದಿನ ಸಾಲಿನಿಂದ ನಿವೃತ್ತ ನಿರ್ವಾಹಕರೊಬ್ಬರು ಎದ್ದು, ‘ಎಲ್ಲಾರೂ ಮೊದಲ ಬಂದ ಬಸ್ಸೇ ಹತ್ತತಾರೇನಪಾ? ಸೀಟ್ ಇಲ್ಲಂದ್ರ ಮೊಣಕಾಲು ನೋವಿನ ಅಜ್ಜಿ ಮುಂದಿನ ಬಸ್ಸಿಗೆ ಕಾಯತಾಳ’ ಎಂದರೆ? ಆ ಒಂದು ಮಾತು ಹತ್ತು ಹೊಗಳಿಕೆಗಿಂತ ದೊಡ್ಡದು.

ಆದರೆ ಆ ನಿರ್ವಾಹಕರನ್ನು ಕರೆಯುವವರು ಯಾರು? ‘ವಿಶೇಷ’ ಎಂಬ ಮಾತು ಎಷ್ಟೋ ಸಲ ಬಾಗಿಲಿಗೆ ಹಾಕಿದ ಚಿಲಕವಾಗುತ್ತದೆ. ಪ್ರೋಗ್ರಾಂ ಬರೆಯುವವರಷ್ಟೇ ಕೂತು ಪರಸ್ಪರ ತಲೆದೂಗಿದರೆ, ಬಸ್ಸಿನ ಮಾದರಿಯಲ್ಲಿ ಬಸ್ಸೇ ಇರುವುದಿಲ್ಲ. ಈ ಊರಿಗೆ ಅಂಥ ಬಡತನವಿಲ್ಲ. 1947ರಲ್ಲಿ ಆರಂಭವಾದ ಬಿ.ವಿ.ಬಿ. ಕಾಲೇಜು ಇಂದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ. 2016ರಿಂದ ಐಐಟಿ ಇದೆ. ಮಣ್ಣು–ಬೆಳೆ ಬಲ್ಲ ಕೃಷಿ ವಿಶ್ವವಿದ್ಯಾಲಯ 1986ರಿಂದಲೂ ಇದೆ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಊರಿಗೆ ಉಪನ್ಯಾಸ ಕೇಳುವುದು, ಕೇಳಿ ತಕರಾರು ತೆಗೆಯುವುದು ಹೊಸದಲ್ಲ. ಇವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂಡಿಸುವುದೇ ಸಂಘಟಕರ ನಿಜವಾದ ಜಾಣತನ.

ಹಣ ಕಟ್ಟಿದರೆ ಏನನ್ನಾದರೂ ಅಚ್ಚು ಮಾಡಿ ಪ್ರಮಾಣಪತ್ರ ಕೈಗಿಡುವ ಸಮ್ಮೇಳನಗಳೂ ಉಂಟು. ಪಾಲಕರು ಶುಲ್ಕ ಕೊಡುವ ಮೊದಲು ವಿಚಾರಿಸಬೇಕಾದ್ದು ಇಷ್ಟೇ: ಪ್ರಬಂಧವನ್ನು ಯಾರಾದರೂ ಓದಿ ತಿದ್ದುತ್ತಾರೆಯೇ? ಪ್ರಶ್ನೆಗೆ ಹೊತ್ತಿದೆಯೇ?

ಪ್ರಶ್ನೆ ಕೇಳಿಸಿಕೊಂಡ ವಿದ್ಯಾರ್ಥಿಗೆ ಆ ಕ್ಷಣ ಮುಖ ಸಣ್ಣದಾಗಬಹುದು. ಆದರೆ ಮರುದಿನ ಅವನು ಜುಬಿಲಿ ಸರ್ಕಲ್ಲಿನ ಹತ್ತಿರ ಒಂದು ತಾಸು ನಿಂತು, ಯಾರು ಯಾವ ಬಸ್ಸು ಬಿಟ್ಟರೆಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯತೊಡಗಿದರೆ, ಗೋಷ್ಠಿ ಸಾರ್ಥಕವಾದಂತೆ.