ಸತುವಿನ ತುಂಡು

ಹುಳಿ-ಉಪ್ಪಿನ ಪದಾರ್ಥವನ್ನು ಜರ್ಮನ್ ಭಾಂಡೆಯಲ್ಲಿ ಇಡಬಾರದೆಂದು ನಮ್ಮ ಶಿಗ್ಗಾಂವದ ಹೆಂಗಸರಿಗೆ ಹೇಳಿಕೊಡಬೇಕಿಲ್ಲ. ಹೊನ್ನಾವರಕ್ಕೆ ಕೊಟ್ಟ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತವರಿಗೆ ಬಂದವಳು, “ಅಕ್ಕೋರ, ಮನಿಯವರು ಮೀನು ಹಿಡಿಯಾಕ ಹಳೇ ಅಲ್ಯೂಮಿನಿಯಂ ದೋಣಿ ನೋಡ್ಯಾರ. ನನ್ನ ಬಿಲ್ವಾರ ಮಾರಬೇಕಂತ” ಎಂದಳು.

ನಾನು ದೋಣಿ ನಡೆಸಿದವಳಲ್ಲ, ವಿಜ್ಞಾನ ಕಲಿಸಿದವಳು. ಮೆಗ್ನೀಸಿಯಂ ಬೆರೆಸಿದ 5052, 5083 ನಮೂನೆಯ ತಗಡು ಕಡಲಿಗೆ ತಾಳುತ್ತದೆ. ಆದರೆ ಹಿತ್ತಾಳೆಯ ಬೋಲ್ಟು ತಾಗಿದ್ದರೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಮ್ಮೇ ಸವೆಯುತ್ತದೆ. ಆದ್ದರಿಂದ ಹೊಸ ಬಣ್ಣಕ್ಕೆ ಮರುಳಾಗಬಾರದು. ಒಳಗಿನ ಹಲಗೆ ಎತ್ತಿಸಿ, ಬೆಸುಗೆ, ರಿವೆಟ್ಟುಗಳ ಸುತ್ತ ಬಿಳಿಪುಡಿ, ಗುಳಿ ಇವೆಯೇ ನೋಡಬೇಕು. ದಂಡೆಯ ಮೇಲಿರುವಾಗಲೇ ತಳಕ್ಕೆ ನಾಲ್ಕು ಬೆರಳು ನೀರು ಹೊಯ್ದರೆ, ಸೋರುವ ಜಾಗ ಹೊರಗೆ ಕಾಣುತ್ತದೆ.

“ತಳಕ್ಕೆ ಸತುವಿನ ತುಂಡು ಹಚ್ಚಿರತಾರ. ಅದು ತಾ ಸವದು ದೋಣಿ ಉಳಸತದ” ಎಂದೆ.

“ನಮ್ಮಂಗ” ಎಂದು ನಕ್ಕಳು.

ಆ ನಗೆ ನನಗೆ ಹಿಡಿಸಲಿಲ್ಲ. ಸವೆದ ಸತುವನ್ನು ತೆಗೆದು ಹೊಸದು ಹಾಕುವರು. ಮಾರಿದ ಬಿಲ್ವಾರಗಳನ್ನು ಮತ್ತೆ ಮಾಡಿಸಿಕೊಡುವವರು ಎಷ್ಟು ಮಂದಿ? ಅವಳಿಗೆ ಕಡೆಯ ಮಾತೊಂದು ಹೇಳಿದೆ: “ದೋಣಿ ತಳ ಗಟ್ಟಿ ಇದ್ರ ತಗೋರಿ. ಕಾಗದದಾಗ ನಿನ್ನ ಹೆಸರೂ ಬರಸು.”